ಒಂದೇ ಊರು, ಮೂರು ರೈಲ್ವೆ: ಮಂಗಳೂರಿನ ಗೋಜಲು ಶುರುವಾದದ್ದು ಎಲ್ಲಿ?

ಮಂಗಳೂರಿಗೆ ಹೊಸ ರೈಲು ಬೇಕು ಅಂದಾಗಲೆಲ್ಲ ಮೊದಲು ಏಳುವ ಪ್ರಶ್ನೆ, ಕೇಳಬೇಕಾದದ್ದು ಯಾರನ್ನು? ಊರಿನ ಎರಡು ನಿಲ್ದಾಣ, ಸೆಂಟ್ರಲ್ ಮತ್ತು ಜಂಕ್ಷನ್, ಎರಡೂ ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗಕ್ಕೆ ಸೇರಿವೆ. (ಜಂಕ್ಷನ್ ಅಂದರೆ ನಮ್ಮ ಹಳೇ ಕಂಕನಾಡಿ.) ಜಂಕ್ಷನ್ ಹತ್ತಿರದ ಪಡೀಲಿನಿಂದ ಪುತ್ತೂರಿನ ಕಡೆ ಹೊರಟರೆ ನೈಋತ್ಯ ರೈಲ್ವೆಯ ಮೈಸೂರು ವಿಭಾಗ. ತೋಕೂರು ದಾಟಿ ಉತ್ತರಕ್ಕೆ ಹೋದರೆ ಕೊಂಕಣ ರೈಲ್ವೆ.

ಬೇರು 1907ರಲ್ಲಿದೆ. ಆಗ ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಹಳಿ ಬಂದದ್ದು ಕಲ್ಲಿಕೋಟೆ, ಕಾಸರಗೋಡಿನ ಕಡೆಯಿಂದ. ಸೆಂಟ್ರಲ್ ಅಂದರೆ ಆ ಹಳಿಯ ತುದಿ. ಇವತ್ತಿಗೂ ಅಲ್ಲಿಗೆ ಬಂದ ಗಾಡಿ ಬಂದ ದಾರಿಯಲ್ಲೇ ಹಿಂದಿರುಗಬೇಕು. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ರೈಲ್ವೆ ಸೇರಲಿಲ್ಲ.

ಘಟ್ಟ ಹತ್ತುವ ಹಾಸನದ ದಾರಿ ತೆರೆದದ್ದು 1979ರಲ್ಲಿ, ಅದೂ ಮೀಟರ್ ಗೇಜ್, ಅಂದರೆ ಕಿರಿದಾದ ಹಳಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ ಸುಮಾರು 55 ಕಿ.ಮೀ., ಅಷ್ಟರಲ್ಲಿ 57 ಸುರಂಗ. ಐವತ್ತು ಅಡಿಗೆ ಒಂದು ಅಡಿ ಏರು. ಸುರಂಗ ಬಂದ ಕೂಡಲೇ ಬೋಗಿಯ ಮಕ್ಕಳೆಲ್ಲ ಕೂಗುತ್ತಿದ್ದೆವು. ಹೊಗೆ ಒಳಗೆ ನುಗ್ಗುತ್ತಿತ್ತು, ದೊಡ್ಡವರು ಕಿಟಕಿ ಎಳೆಯುತ್ತಿದ್ದರು. ಮುಂದಿನ ಸುರಂಗಕ್ಕೆ ಮತ್ತೆ ಅದೇ ಗಲಾಟೆ.

1996ರಲ್ಲಿ ಬ್ರಾಡ್ ಗೇಜ್ (ಅಗಲ ಹಳಿ) ಮಾಡಲು ಆ ದಾರಿ ಮುಚ್ಚಿತು. ಬೇಗ ಮುಗಿಯುತ್ತದೆ ಅಂದುಕೊಂಡಿದ್ದೆವು. ಒಂದು ತಲೆಮಾರಿನ ಮಕ್ಕಳು ಶಿರಾಡಿ ಘಾಟಿಯ ರಾತ್ರಿ ಬಸ್ಸಿನಲ್ಲೇ ಓದಲು ಹೋಗಿ, ಕೆಲಸ ಹಿಡಿದು, ಮದುವೆಯೂ ಆದರು. ರೈಲೇ ಬೇಕು ಅಂತ ಹಟ ಹಿಡಿದರೆ ಕೇರಳ ಸುತ್ತಿ ಬೆಂಗಳೂರಿಗೆ ಹೋಗಬೇಕಿತ್ತು. 2006ರಲ್ಲಿ ಹಳಿ ಸಿದ್ಧವಾಯಿತು. ಮೊದಲು ಹತ್ತಿದ್ದು ಬಂದರಿಗೆ ಹೋಗುವ ಅದಿರು. ಜನ ಹತ್ತಿದ್ದು 2007ರ ಡಿಸೆಂಬರ್‌ನಲ್ಲಿ. ಅದಿರಿಗೆ ಇದ್ದ ಅವಸರ ನಮಗೂ ಇತ್ತು, ಅಲ್ವಾ?

ಈ ನಡುವೆ 2003ರಲ್ಲಿ ಹುಬ್ಬಳ್ಳಿಯಲ್ಲಿ ನೈಋತ್ಯ ರೈಲ್ವೆ ಶುರುವಾಯಿತು. ಮಂಗಳೂರು ಅದಕ್ಕೆ ಸೇರಲಿಲ್ಲ. 2007ರಲ್ಲಿ ಪಾಲಕ್ಕಾಡ್ ವಿಭಾಗವನ್ನು ಒಡೆದು ಸೇಲಂ ವಿಭಾಗ ಮಾಡಿದರು. ಉಳಿದ ಪಾಲಕ್ಕಾಡಿಗೆ ಪಣಂಬೂರು ಬಂದರಿನ ಸರಕಿನ ಆದಾಯ ಇನ್ನೂ ಮುಖ್ಯವಾಯಿತು. ಹಾಗಾಗಿ ಮಂಗಳೂರನ್ನು ಬಿಟ್ಟುಕೊಡಿ ಅಂದರೆ ಅಲ್ಲಿನವರಿಗೆ ಕಷ್ಟವಾಗುವುದು ಸಹಜ. ಆದರೆ ನಮ್ಮ ಊರಿನ ಟೈಂಟೇಬಲ್ ಬೇರೆಯವರ ಲೆಕ್ಕಪುಸ್ತಕ ನೋಡಿ ಎಷ್ಟು ದಿನ ನಡೆಯಬೇಕು?

2019ರ ಆಗಸ್ಟ್‌ನಲ್ಲಿ ಜಂಕ್ಷನ್ ಮತ್ತು ತೋಕೂರಿನ ನಡುವೆ, ಕುಲಶೇಖರದ ಸುರಂಗದ ಹತ್ತಿರ ಗುಡ್ಡ ಜರಿಯಿತು. ಕೆಸರು ಹಳಿಯ ಮೇಲೆ ಇಳಿಯುತ್ತಲೇ ಇತ್ತು. ಕೊನೆಗೆ ಪಕ್ಕದಲ್ಲಿ ಬೇರೆ ಹಳಿ ಹಾಕಿ ಗಾಡಿ ಬಿಡಬೇಕಾಯಿತು. ಜರಿದದ್ದು ಪಾಲಕ್ಕಾಡಿನ ಭಾಗದಲ್ಲಿ, ನಿಂತದ್ದು ಕೊಂಕಣದ ಗಾಡಿಗಳು.

2020ರಲ್ಲಿ ಬೆಂಗಳೂರಿನಿಂದ ಕಾರವಾರದ ಕಡೆಗೆ ಹೊಸ ರಾತ್ರಿ ರೈಲು ಬಂತು. ಹಳೆಯದು ಸೆಂಟ್ರಲ್‌ಗೆ ಹೋಗಿ, ಎಂಜಿನ್ ತಿರುಗಿಸಿಕೊಂಡು ಹೊರಡುತ್ತಿತ್ತು. ಹೊಸದು ಪಡೀಲಿನಲ್ಲೇ ಉತ್ತರಕ್ಕೆ ತಿರುಗುತ್ತದೆ. ಕಾರವಾರದವರಿಗೆ ಒಳ್ಳೆಯ ಉಳಿತಾಯ. ಮಂಗಳೂರಿನ ಎರಡೂ ನಿಲ್ದಾಣಕ್ಕೆ ಅದು ಬರುವುದೇ ಇಲ್ಲ.