ಆಪರೇಷನ್ ನಂತರದ ವಾಂತಿ: ಅವ್ವನಿಗೆ ಯಾವ ಔಷಧಿ ಸುರಕ್ಷಿತ?

ಜಮಖಂಡಿಯ ಓದುಗರೊಬ್ಬರು ಕೇಳಿದ್ದಾರೆ: "ಅವ್ವನಿಗೆ 62 ವರ್ಷ. ಶುಗರ್ ಇದೆ, ಹಾರ್ಟಿನ ಗುಳಿಗೆಯೂ ನಡೆದಿದೆ. ಮುಂದಿನ ವಾರ ಬಾಗಲಕೋಟೆಯಲ್ಲಿ ಪಿತ್ತಕೋಶದ ಆಪರೇಷನ್. ಹಿಂದೆ ಗರ್ಭಕೋಶ ತೆಗೆಸಿದಾಗ ಎರಡು ದಿನ ವಾಂತಿ. ಈ ಸಲ ಯಾವ ಔಷಧಿ ಕೊಡಿಸಬೇಕು?"

ಅವ್ವ ಬಸ್ಸಿನಲ್ಲಿ ಲಿಂಬೆಹಣ್ಣು ಮೂಸುತ್ತಾ ಕೂರುವವರೇ? ಸುಮ್ನೆ ಕೇಳುತ್ತಿಲ್ಲ. ಅರಿವಳಿಕೆ ವೈದ್ಯರು ನಾಲ್ಕು ಸಂಗತಿ ಎಣಿಸುತ್ತಾರೆ. ರೋಗಿ ಹೆಣ್ಣು, ಬೀಡಿ ಸಿಗರೇಟು ಸೇದುವುದಿಲ್ಲ, ಬಸ್ಸಿನಲ್ಲೋ ಹಿಂದಿನ ಆಪರೇಷನ್ನಿನಲ್ಲೋ ವಾಂತಿ ಆಗಿತ್ತು, ನೋವಿಗೆ ಮಾರ್ಫಿನ್ ಜಾತಿಯ ಔಷಧಿ ಬೇಕಾಗುತ್ತದೆ. ಒಂದೂ ಇಲ್ಲದಿದ್ದರೆ 100ರಲ್ಲಿ ಸುಮಾರು 10 ಜನರಿಗೆ ತೊಂದರೆ. ಮೂರಿದ್ದರೆ 60, ನಾಲ್ಕೂ ಇದ್ದರೆ 80. ಸೇದುವವರಿಗೆ ವಾಂತಿ ಕಡಿಮೆ ಅನ್ನುವುದು ನಿಜವೇ. ಅದಕ್ಕಂತ ಈಗ ಯಾರೂ ಬೀಡಿ ಹಚ್ಚಬೇಡಿ!

ಅವ್ವನಂಥವರಿಗೆ ಒಂದೇ ಔಷಧಿ ಸಾಲದು. ಬೇರೆ ಬೇರೆ ದಾರಿಯಲ್ಲಿ ಕೆಲಸ ಮಾಡುವ ಎರಡು ಮೂರನ್ನು ಎಚ್ಚರ ಆಗುವ ಮೊದಲೇ ಕೊಡುತ್ತಾರೆ. ಎಲ್ಲರಿಗೂ ಸುರಕ್ಷಿತವಾದ ಒಂದು ಹೆಸರು ಹೇಳಿ ಅಂದರೆ ನನ್ನ ಹತ್ತಿರ ಇಲ್ಲ.

ಜಾಸ್ತಿ ಬಳಸುವುದು ಒಂಡಾನ್‌ಸೆಟ್ರಾನ್, 4 ಮಿಲಿಗ್ರಾಂ. ಹೆಚ್ಚಿನವರಿಗೆ ಒಗ್ಗುತ್ತದೆ. ಆದರೆ ಇಸಿಜಿಯಲ್ಲಿ ಕ್ಯೂಟಿ ಎಂಬ ಅಂತರವನ್ನು ಇದು ಹಿಗ್ಗಿಸುತ್ತದೆ. ಆ ಅಂತರ ಮೊದಲೇ ಉದ್ದವಿದ್ದರೆ, ಮೂತ್ರ ಹೋಗಿಸುವ ಗುಳಿಗೆಯಿಂದ ಪೊಟ್ಯಾಸಿಯಂ ಇಳಿದಿದ್ದರೆ, ಹೃದಯದ ಬಡಿತವೇ ತಾಳ ತಪ್ಪಬಹುದು. "ಹಾರ್ಟಿಗೆ ಡೊಂಪೆರಿಡೋನ್ ಆದೀತು" ಎಂದು ಮನೆಯಲ್ಲಿದ್ದ ಆ ವಾಂತಿ ಗುಳಿಗೆಯ ಸ್ಟ್ರಿಪ್ ತೆಗೆದು ಕೊಡುವವರಿದ್ದಾರೆ. ಅದಕ್ಕೂ ಇದೇ ದೋಷವಿದೆ.

ಜೊತೆಗೆ ಕೊಡುವ ಡೆಕ್ಸಾಮೆಥಾಸೋನ್ ಶುಗರ್ ಏರಿಸುತ್ತದೆ. ಶುಗರ್ ಹತೋಟಿಯಲ್ಲಿದ್ದರೆ ಕಡಿಮೆ ಪ್ರಮಾಣ ಕೊಟ್ಟು, ಒಂದು ದಿನ ಆಗಾಗ ರಕ್ತ ನೋಡುತ್ತಾರೆ. ಮೆಟೊಕ್ಲೊಪ್ರಮೈಡ್ ಅಗ್ಗ, ಆದರೆ ಕೈ ನಡುಗುವ ಪಾರ್ಕಿನ್ಸನ್ ಕಾಯಿಲೆ ಇದ್ದವರಿಗೆ ಬೇಡವೇ ಬೇಡ.

ನೀವು ಮಾಡಬೇಕಾದ ಕೆಲಸ ಬೇರೆ. ಹಳೆಯ ಇಸಿಜಿ ಮತ್ತು ಅವ್ವ ನುಂಗುವ ಎಲ್ಲ ಗುಳಿಗೆಗಳ ಸ್ಟ್ರಿಪ್ ಒಂದು ಚೀಲದಲ್ಲಿ ಹಾಕಿ ಅರಿವಳಿಕೆ ವೈದ್ಯರ ಮುಂದೆ ಸುರಿಯಿರಿ. ಗರ್ಭಕೋಶದ ಆಪರೇಷನ್ ಆದಾಗಿನ ಆ ಎರಡು ದಿನದ ಕಥೆಯನ್ನು ಮರೆಯದೆ ಹೇಳಿ. ಉಸಿರಿನ ಗ್ಯಾಸ್ ಬಿಟ್ಟು ರಕ್ತನಾಳದಲ್ಲಿ ಪ್ರೊಪೊಫಾಲ್ ಹರಿಸಿ ಅರಿವಳಿಕೆ ಕೊಟ್ಟರೂ ವಾಂತಿ ತಗ್ಗುತ್ತದೆ. ಆಗುತ್ತದೆಯೇ ಎಂದು ಕೇಳಿ ನೋಡಿ.

ಒಂಡಾನ್‌ಸೆಟ್ರಾನ್ ಕೊಟ್ಟು ಆರು ತಾಸಿನೊಳಗೆ ಮತ್ತೆ ವಾಂತಿಯಾದರೆ, ಅದೇ ಇಂಜೆಕ್ಷನ್ ಇನ್ನೊಮ್ಮೆ ಚುಚ್ಚಿ ಹೆಚ್ಚು ಉಪಯೋಗವಿಲ್ಲ. ಬೇರೆ ಗುಂಪಿನ ಔಷಧಿ ಬೇಕು. ಹೊಟ್ಟೆ ಉಬ್ಬಿ ಹಸಿರು ವಾಂತಿ ಶುರುವಾದರೆ ಮಾತ್ರ ಔಷಧಿಯ ಹೆಸರು ಹುಡುಕುತ್ತಾ ಕೂರದೆ ಸರ್ಜನ್‌ರನ್ನು ಕರೆಯಿರಿ.