ಕ್ಯಾಮೆರಾ ಇಲ್ಲದ ಕಾಲದ ದೇವಸ್ಥಾನದ ಚಿತ್ರವನ್ನು ಎಷ್ಟು ನಂಬಬಹುದು?

ಪ್ರಶ್ನೆ: ಗವಿಪುರದ ಗವಿ ಗಂಗಾಧರೇಶ್ವರ ದೇವಸ್ಥಾನದ 1792ರ ಚಿತ್ರ ನೋಡಿದೆ. ಈಗಿನ ದೇವಸ್ಥಾನಕ್ಕೂ ಅದಕ್ಕೂ ತುಂಬಾ ವ್ಯತ್ಯಾಸ. ಚಿತ್ರಕಾರರು ಸುಮ್ನೆ ಕಲ್ಪಿಸಿಕೊಂಡು ಬರೆದರಾ?

ಉತ್ತರ: ಇಲ್ಲ. ಕಟ್ಟಡದ ಮಟ್ಟಿಗೆ ಆ ಚಿತ್ರವನ್ನು ಧಾರಾಳವಾಗಿ ನಂಬಬಹುದು. ಬದಲಾಗಿರುವುದು ದೇವಸ್ಥಾನ.

ಬರೆದವರು ಥಾಮಸ್ ಡೇನಿಯಲ್ ಮತ್ತು ಅವರ ಸಹೋದರನ ಮಗ ವಿಲಿಯಂ. 1786ರಲ್ಲಿ ಕಲ್ಕತ್ತೆಗೆ ಬಂದ ಇವರು, ಮೂರನೇ ಮೈಸೂರು ಯುದ್ಧ ಮುಗಿದ ಮೇಲೆ 1792ರಲ್ಲಿ ದಕ್ಷಿಣದ ಕಡೆ ಹೊರಟು ಬೆಂಗಳೂರಿಗೂ ಬಂದರು. ಕ್ಯಾಮೆರಾ ಅಬ್ಸ್‌ಕ್ಯೂರಾ ಎಂಬ ಕತ್ತಲೆ ಪೆಟ್ಟಿಗೆ ಇವರ ಜೊತೆಗಿತ್ತು. ಮಸೂರದ ಮೂಲಕ ಎದುರಿನ ದೃಶ್ಯ ಕಾಗದದ ಮೇಲೆ ಬೀಳುತ್ತದೆ, ಅದರ ಮೇಲೆಯೇ ಪೆನ್ಸಿಲ್ ಗೆರೆ ಎಳೆಯಬಹುದು. ಕಂಬ ಎಷ್ಟೆತ್ತರ, ಬಂಡೆಯಿಂದ ಎಷ್ಟು ದೂರ ಎಂಬ ಅಳತೆ ಹಾಗಾಗಿ ಹೆಚ್ಚು ತಪ್ಪುವುದಿಲ್ಲ. ಗೆರೆಯ ಮೇಲೆ ತೆಳುವಾಗಿ ಜಲವರ್ಣ ಹಚ್ಚುತ್ತಿದ್ದರು.

ಇದರ ಬೆಲೆ ಎಷ್ಟು ದೊಡ್ಡದು ನೋಡಿ. ಸಂಕ್ರಾಂತಿಯ ಸಂಜೆ ಸೂರ್ಯನ ಬೆಳಕು ನಂದಿಯ ಕೊಂಬುಗಳ ನಡುವಿನಿಂದ ಹಾದು ಗುಹೆಯೊಳಗಿನ ಲಿಂಗದ ಮೇಲೆ ಬೀಳುವುದು ಬೆಂಗಳೂರಿನವರಿಗೆಲ್ಲ ಗೊತ್ತು. ನವೆಂಬರ್ ಕೊನೆಯಲ್ಲೂ ಹಾಗೇ ಬೀಳುತ್ತದೆ ಎಂಬುದು ಅಷ್ಟು ಜನಕ್ಕೆ ಗೊತ್ತಿಲ್ಲ. ಡಿಸೆಂಬರ್ 21ರ ಆಸುಪಾಸಿಗೆ ಸೂರ್ಯ ದಕ್ಷಿಣದ ತುದಿ ಮುಟ್ಟಿ ತಿರುಗುತ್ತಾನೆ. ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ ಅದೇ ಜಾಗ ದಾಟಲೇಬೇಕಲ್ವಾ? ಖಗೋಳ ವಿಜ್ಞಾನಿ ಬಿ. ಎಸ್. ಶೈಲಜಾ ಈ ಬೆಳಕಿನ ದಾರಿ ಅಧ್ಯಯನ ಮಾಡಿದಾಗ ಡೇನಿಯಲ್‌ರ ಚಿತ್ರಗಳು ಕೆಲಸಕ್ಕೆ ಬಂದವು. 1792ರಲ್ಲಿ ಅಲ್ಲಿ ಕಟ್ಟಡಗಳು ಈಗಿಗಿಂತ ಕಡಿಮೆ ಇದ್ದವು. ಆಮೇಲೆ ಎದ್ದ ಗೋಡೆ, ಮಂಟಪಗಳು ಬೆಳಕಿನ ದಾರಿಯನ್ನೇ ಬದಲಿಸಬಲ್ಲವು. ಇನ್ನೂರು ವರ್ಷ ಹಿಂದಿನ ಒಂದು ಕಾಗದ ಇಲ್ಲದಿದ್ದರೆ ಈ ಲೆಕ್ಕಕ್ಕೆ ಆಧಾರ ಎಲ್ಲಿತ್ತು! ನನಗಂತೂ ಇದು ಯಾವ ಶಾಸನಕ್ಕೂ ಕಡಿಮೆಯಲ್ಲದ ದಾಖಲೆ.

ಬಣ್ಣದ ವಿಷಯದಲ್ಲಿ ಮಾತ್ರ ಹುಷಾರು. ಡೇನಿಯಲ್‌ರ ಚಿತ್ರ ಅಂತ ನಾವು ಸಾಮಾನ್ಯವಾಗಿ ನೋಡುವುದು ಮೂಲವಲ್ಲ, ಅಚ್ಚು. 1795ರಿಂದ 1808ರವರೆಗೆ ಲಂಡನ್ನಿನಲ್ಲಿ 'ಓರಿಯೆಂಟಲ್ ಸೀನರಿ' ಹೆಸರಲ್ಲಿ 144 ಚಿತ್ರಗಳನ್ನು ತಾಮ್ರದ ತಗಡಿನಿಂದ ಅಚ್ಚು ಹಾಕಿದರು. ಅವಕ್ಕೆ ಕೈಯಲ್ಲೇ ಬಣ್ಣ ತುಂಬಿದ್ದು. ಆಕಾಶ, ಮರ, ಅಲ್ಲಿ ಇಲ್ಲಿ ನಿಂತ ಜನ ಚಿತ್ರದ ಅಂದಕ್ಕೆ ಸೇರಿದ್ದಿರಬಹುದು.

ಒಂದು ಪ್ರತಿ ಹಿಡಿದು ಗವಿಪುರಕ್ಕೆ ಹೋದರೆ ಮೊದಲು ಅಂಗಳದ ದೊಡ್ಡ ಕಲ್ಲಿನ ಸೂರ್ಯಪಾನ, ಚಂದ್ರಪಾನ ಫಲಕಗಳನ್ನೂ ಹಿಂದಿನ ಬಂಡೆಯನ್ನೂ ಹೋಲಿಸಿ ನೋಡಿ. ಮರಗಳನ್ನು ಬಿಟ್ಟುಬಿಡಿ.