ಲಿಂಕರ್‌ಗೆ ಚೀಟಿ ಬರೆದುಕೊಡುವ ರೂಢಿ

ಸ್ಪೆಕ್ಟ್ರಮ್, ಎಂಎಸ್‌ಎಕ್ಸ್, ಆಮ್ಸ್ಟ್ರಾಡ್‌ನಂಥ ಹಳೇ ಮನೆ ಕಂಪ್ಯೂಟರುಗಳಿಗೆ ಇವತ್ತಿಗೂ ಹೊಸ ಆಟ ಬರೆಯುವವರಿದ್ದಾರೆ. ಅವರಲ್ಲಿ ತುಂಬಾ ಜನ ಬಳಸುವುದು ಝಡ್88ಡಿಕೆ ಎಂಬ ಸಿ ಕಂಪೈಲರನ್ನು, ಅಂದರೆ ಸಿ ಭಾಷೆಯಲ್ಲಿ ಬರೆದದ್ದನ್ನು ಚಿಪ್ಪಿಗೆ ಅರ್ಥವಾಗುವ ಭಾಷೆಗೆ ತಿರುಗಿಸುವ ಪ್ರೋಗ್ರಾಮನ್ನು. ಆಟ ದೊಡ್ಡದಾಗಿ ಫೈಲುಗಳು ಜಾಸ್ತಿಯಾದರೆ ಎಲ್ಲ ಹೆಸರುಗಳನ್ನೂ ಕಮಾಂಡಿನಲ್ಲೇ ತುರುಕಬೇಕಾಗಿಲ್ಲ. ಸಾಲಿಗೊಂದರಂತೆ ಹೆಸರು ಬರೆದ ಒಂದು ಫೈಲ್ ಮಾಡಿಕೊಂಡು, ಅದರ ಹೆಸರಿಗೆ ಮೊದಲು @ ಹಾಕಿ ಕೊಟ್ಟರೆ ಸಾಕು. ದಿನಸಿ ಅಂಗಡಿಯಲ್ಲಿ ಸಾಮಾನನ್ನೆಲ್ಲ ಬಾಯಲ್ಲಿ ಹೇಳುವ ಬದಲು ಚೀಟಿ ಕೊಟ್ಟು ನಿಲ್ಲುತ್ತೇವಲ್ಲ, ಹಾಗೆ.

ಸಣ್ಣ ಅನುಕೂಲ, ಅಷ್ಟೇ ಅನ್ನಿಸುತ್ತದೆ ಅಲ್ವಾ? ಆದರೆ ಈ ಚೀಟಿ ಯಾಕೆ ಬೇಕಾಯಿತು ಅಂತ ಹುಡುಕುತ್ತಾ ಹಿಂದಕ್ಕೆ ಹೋದರೆ, ಕೊನೆಗೆ ಸಿಗುವುದು 1970ರ ದಶಕದ ಎಂಟು ಇಂಚಿನ ಒಂದು ಫ್ಲಾಪಿ.

ಮೊದಲು ಲಿಂಕರ್ ಮಾಡುವ ಕೆಲಸವನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ದೊಡ್ಡ ಪ್ರೋಗ್ರಾಮನ್ನು ಯಾರೂ ಒಂದೇ ಫೈಲಿನಲ್ಲಿ ಬರೆಯುವುದಿಲ್ಲ. ತುಂಡು ತುಂಡಾಗಿ ಬರೆದು, ಒಂದೊಂದನ್ನೂ ಬೇರೆ ಬೇರೆಯಾಗಿ ಕಂಪೈಲ್ ಮಾಡುತ್ತಾರೆ. ಒಂದು ತುಂಡು ಇನ್ನೊಂದರಲ್ಲಿರುವ ಫಂಕ್ಷನನ್ನು, ಅಂದರೆ ಒಂದು ಕೆಲಸಕ್ಕೆ ಅಂತ ಹೆಸರಿಟ್ಟು ಬರೆದ ಕೋಡನ್ನು, ಕರೆಯುವಾಗ ಮೆಮೊರಿಯಲ್ಲಿ ಅದರ ವಿಳಾಸ ಇನ್ನೂ ಗೊತ್ತಿರುವುದಿಲ್ಲ. ಅಲ್ಲಿ ಜಾಗ ಖಾಲಿ ಬಿಟ್ಟಿರುತ್ತದೆ. ತುಂಡುಗಳನ್ನೆಲ್ಲ ಒಂದರ ಪಕ್ಕ ಒಂದು ಜೋಡಿಸಿ, ಆ ಖಾಲಿ ಜಾಗಗಳನ್ನು ತುಂಬುವವನು ಲಿಂಕರ್. ಅವನಿಗೆ ಯಾವ ಯಾವ ತುಂಡು ಬೇಕು ಅಂತ ಹೆಸರು ಹಿಡಿದು ಹೇಳಬೇಕು. ತೊಂದರೆ ಶುರುವಾಗಿದ್ದೇ ಈ ಹೇಳುವುದರಲ್ಲಿ.

1973ರಲ್ಲಿ ಐಬಿಎಂ 3740 ಎಂಬ ಡೇಟಾ ಎಂಟ್ರಿ ವ್ಯವಸ್ಥೆ ತಂದಿತು. ರಂಧ್ರ ಹೊಡೆದ ಕಾರ್ಡುಗಳ ಬದಲು ಎಂಟು ಇಂಚಿನ ಫ್ಲಾಪಿ. ಅದರಲ್ಲಿ 77 ಟ್ರ್ಯಾಕ್, ಟ್ರ್ಯಾಕಿಗೆ 26 ಸೆಕ್ಟರ್, ಸೆಕ್ಟರಿಗೆ 128 ಬೈಟ್. ಕಾರ್ಡಿನಲ್ಲಿ ಇರುತ್ತಿದ್ದದ್ದು 80 ಅಕ್ಷರ. ಅಷ್ಟು ಒಂದು ಸೆಕ್ಟರಿನಲ್ಲಿ ಆರಾಮಾಗಿ ಹಿಡಿಸುತ್ತಿತ್ತು.

ಮರುವರ್ಷ, 1974ರಲ್ಲಿ, ಕ್ಯಾಲಿಫೋರ್ನಿಯಾದ ಮಾಂಟೆರೆಯ ನೌಕಾ ಶಾಲೆಯಲ್ಲಿ ಪಾಠ ಮಾಡುತ್ತಿದ್ದ ಗ್ಯಾರಿ ಕಿಲ್ಡಾಲ್ ಇಂಟೆಲ್ 8080 ಚಿಪ್ಪಿಗೆ ಸಿಪಿ/ಎಂ ಎಂಬ ಆಪರೇಟಿಂಗ್ ಸಿಸ್ಟಂ ಬರೆದರು. ಫ್ಲಾಪಿಯ ಆ 128 ಬೈಟೇ ಅದರ ಓದು ಬರಹದ ಅಳತೆಯಾಯಿತು. ಡಿಸ್ಕಿನಿಂದ ಏನೇ ಓದಿದರೂ 128 ಬೈಟಿನ ಒಂದು ರೆಕಾರ್ಡ್. ಆ ರೆಕಾರ್ಡನ್ನು ಇಳಿಸಿಕೊಳ್ಳಲು ಮೆಮೊರಿಯ ತಳದಲ್ಲಿ, ಹೆಕ್ಸ್ ಲೆಕ್ಕದಲ್ಲಿ (ಹತ್ತರ ಬದಲು ಹದಿನಾರರ ಮೇಲೆ ನಡೆಯುವ ಎಣಿಕೆ) 0080 ಎಂಬ ವಿಳಾಸದಿಂದ, 128 ಬೈಟ್ ಜಾಗ ಮೀಸಲು. ಅದಾದ ಕೂಡಲೇ 0100ರಿಂದ ಬಳಕೆದಾರನ ಪ್ರೋಗ್ರಾಮ್ ಶುರು.

ಕಿಲ್ಡಾಲ್ ಕೈಬಿಗಿ ಮಾಡಿದ್ದು ಇಲ್ಲೇ. ಕೀಬೋರ್ಡಿನಲ್ಲಿ ಹೊಡೆದ ಕಮಾಂಡಿನ ಬಾಲವನ್ನು, ಅಂದರೆ ಪ್ರೋಗ್ರಾಮಿನ ಹೆಸರಾದ ಮೇಲೆ ಬರುವ ಭಾಗವನ್ನು, ಇಡುವುದಕ್ಕೂ ಅದೇ ಜಾಗ. ಮೊದಲ ಬೈಟಿನಲ್ಲಿ ಉದ್ದ, ಉಳಿದ 127ರಲ್ಲಿ ಅಕ್ಷರ. 64 ಕೆಬಿ ಮೀರಿ ವಿಳಾಸ ಹೇಳಲಾಗದ ಚಿಪ್ಪಿನಲ್ಲಿ, ಮೆಮೊರಿಯ ಒಂದೊಂದು ಚೂರಿಗೂ ದುಡ್ಡು ಸುರಿಯಬೇಕಿದ್ದ ಕಾಲದಲ್ಲಿ, ಇದು ಒಳ್ಳೇ ಲೆಕ್ಕಾಚಾರವೇ. ಒಂದು ಎಡವಟ್ಟು ಮಾತ್ರ ಉಳಿಯಿತು. ಕಮಾಂಡನ್ನು ಬೇರೆ ಕಡೆ ನಕಲು ಮಾಡಿಕೊಳ್ಳದೆ ಡಿಸ್ಕಿನಿಂದ ಮೊದಲ ರೆಕಾರ್ಡ್ ಓದಿದರೆ ಮುಗಿಯಿತು, ಅದು ಬಂದು ಕಮಾಂಡಿನ ಮೇಲೆಯೇ ಕೂರುತ್ತಿತ್ತು. ಏನು ಮಾಡಲು ಹೇಳಿದ್ದರು ಅನ್ನುವುದೇ ಅಳಿಸಿಹೋಗುತ್ತಿತ್ತು!

ಈಗ ಲಿಂಕರ್ ಕಡೆಯಿಂದ ನೋಡೋಣ. ಸಿಪಿ/ಎಂ ಪ್ರಪಂಚದಲ್ಲಿ ಹೆಸರು ಮಾಡಿದ್ದು ಮೈಕ್ರೋಸಾಫ್ಟಿನ ಎಲ್80 ಎಂಬ ಲಿಂಕರ್. ಹೆಸರುಗಳ ಮಧ್ಯೆ ಅಲ್ಪವಿರಾಮ ಹಾಕಿ ಕೊಡಬೇಕು. ಎಂಟಕ್ಷರದ ಹೆಸರು, ಜೊತೆಗೊಂದು ಅಲ್ಪವಿರಾಮ, ಒಟ್ಟು 9. 127ರಲ್ಲಿ 14 ಹೆಸರು ಹಿಡಿಸುತ್ತವೆ. ಫೈಲುಗಳು ಬಿ ಡ್ರೈವಿನಲ್ಲಿವೆ ಅಂತ ಪ್ರತಿ ಹೆಸರಿಗೂ ಮೊದಲು B: ಎಂಬ ಇನ್ನೆರಡು ಅಕ್ಷರ ಸೇರಿಸಿದರೆ 11 ಹೆಸರಿಗೇ ಸಾಲು ಭರ್ತಿ. ಹದಿನೈದನೆಯ ಫೈಲಿಗೆ ಎಲ್ಲಿಗೆ ಹೋಗುವುದು?

ಸುಲಭದ ದಾರಿ ಅಂದರೆ ಹೆಸರು ಮೊಟಕು ಮಾಡುವುದು. ಆರು ತಿಂಗಳಾದ ಮೇಲೆ ಯಾವುದು ಏನು ಅಂತ ಬರೆದವರಿಗೇ ಮರೆತುಹೋಗುತ್ತಿತ್ತು, ಆ ಮಾತು ಬೇರೆ. ಎಲ್80 ತನ್ನದೇ ಇನ್ನೊಂದು ದಾರಿಯನ್ನೂ ಇಟ್ಟಿತ್ತು. ಬರೀ ಅದರ ಹೆಸರು ಹೊಡೆದು ಎಂಟರ್ ಒತ್ತಿದರೆ ನಕ್ಷತ್ರದ ಗುರುತೊಂದು ಬಂದು ನಿಲ್ಲುತ್ತಿತ್ತು. ಅಲ್ಲಿ ಸಾಲು ಸಾಲಾಗಿ ಎಷ್ಟು ಬೇಕಾದರೂ ಹೆಸರು ಕೊಡಬಹುದು. ಆದರೆ ಪ್ರತಿ ಸಲ ಲಿಂಕ್ ಮಾಡುವಾಗಲೂ ಕೂತು ಹೊಡೆಯಬೇಕು. ಒಂದಕ್ಷರ ತಪ್ಪಿದರೆ ಮತ್ತೆ ಮೊದಲಿಂದ.

ಕಮಾಂಡುಗಳನ್ನು ಫೈಲಿನಲ್ಲಿ ಬರೆದಿಟ್ಟು ಒಂದರ ಹಿಂದೆ ಒಂದು ಓಡಿಸಲು ಸಿಪಿ/ಎಂನಲ್ಲಿ ಸಬ್‌ಮಿಟ್ ಇತ್ತು ನಿಜ. ಅದು ಒಪ್ಪುವ ಸಾಲಿನ ಉದ್ದವೂ ಅಷ್ಟೇ! ನಾವು ಕೊಟ್ಟ ಸಾಲುಗಳನ್ನು ಅದು ತಲೆಕೆಳಗು ಮಾಡಿ, ಒಂದು ರೆಕಾರ್ಡಿಗೆ ಒಂದು ಸಾಲಿನಂತೆ, ಡಿಸ್ಕಿನಲ್ಲಿ ಒಂದು ತಾತ್ಕಾಲಿಕ ಫೈಲಾಗಿ ಬರೆಯುತ್ತಿತ್ತು. ಸಿಸ್ಟಂ ಕೊನೆಯ ರೆಕಾರ್ಡಿನಿಂದ ಒಂದೊಂದೇ ತೆಗೆದು ಓಡಿಸುತ್ತಿತ್ತು. ರೆಕಾರ್ಡ್ ಅಂದರೆ ಮತ್ತದೇ 128. ಓಡುತ್ತಿರುವ ಪ್ರೋಗ್ರಾಮಿಗೇ ಸಾಲುಗಳನ್ನು ಉಣಿಸುವ ಎಕ್ಸ್‌ಸಬ್ ಬಂದಿದ್ದು 2ನೇ ಆವೃತ್ತಿಯ ಕಾಲಕ್ಕೆ. ಅದು ನಡೆಯುತ್ತಿದ್ದದ್ದೂ ಸಿಸ್ಟಂನ ಸಾಲು ಓದುವ ಸೇವೆಯನ್ನು ಬಳಸಿದ ಪ್ರೋಗ್ರಾಮುಗಳಲ್ಲಿ ಮಾತ್ರ.

ನನ್ನ ಪ್ರಕಾರ ಆಗಿನವರ ಜಾಣತನ ಕಾಣುವುದು ಲೈಬ್ರರಿಯಲ್ಲಿ. ಸಣ್ಣ ಸಣ್ಣ ತುಂಡುಗಳನ್ನು ಒಟ್ಟಿಗೆ ಗಂಟು ಕಟ್ಟಿ ಒಂದೇ ಫೈಲ್ ಮಾಡುವುದು. ಆಮೇಲೆ ಲಿಂಕರ್‌ಗೆ ಆ ಗಂಟಿನ ಹೆಸರು ಹೇಳಿ, "ಇದರಲ್ಲಿ ಬೇಕಾದ್ದು ಹುಡುಕಿಕೋ" ಅನ್ನುವುದು. ಕರೆದ ಫಂಕ್ಷನ್ ಇರುವ ತುಂಡು ಮಾತ್ರ ಒಳಗೆ ಬರುತ್ತದೆ, ಉಳಿದದ್ದು ಹೊರಗೇ ಉಳಿಯುತ್ತದೆ. ಸಾಲೂ ಚಿಕ್ಕದಾಯಿತು, ಪ್ರೋಗ್ರಾಮೂ ಚಿಕ್ಕದಾಯಿತು. ಇನ್ನೊಂದು ಲಾಭವೂ ಇತ್ತು. ಆ ಎಂಟು ಇಂಚಿನ ಡಿಸ್ಕಿನ ಡೈರೆಕ್ಟರಿಯಲ್ಲಿ, ಅಂದರೆ ಫೈಲುಗಳ ಪಟ್ಟಿಯಲ್ಲಿ, ಜಾಗ ಇದ್ದದ್ದು 64 ನಮೂದಿಗೆ ಮಾತ್ರ. 1984ರಲ್ಲಿ ಬಂದ ಆಮ್ಸ್ಟ್ರಾಡ್ ಸಿಪಿಸಿಯ ಮೂರು ಇಂಚಿನ ಡಿಸ್ಕಿನಲ್ಲೂ ಅಷ್ಟೇ. ಒಂದು ತುಂಡಿಗೆ ಸೋರ್ಸ್ ಒಂದು, ಕಂಪೈಲ್ ಆದದ್ದು ಇನ್ನೊಂದು. ಮೂವತ್ತು ತುಂಡಾಗುವಷ್ಟರಲ್ಲಿ ಡಿಸ್ಕಿನಲ್ಲಿ ಖಾಲಿ ಜಾಗ ಇದ್ದರೂ ಡೈರೆಕ್ಟರಿ ತುಂಬಿಹೋಗುತ್ತಿತ್ತು. ಗಂಟು ಕಟ್ಟಿದರೆ ನಮೂದುಗಳೂ ಉಳಿಯುತ್ತಿದ್ದವು.

ಗಂಟಿನಲ್ಲೂ ಒಂದು ಕಿರಿಕಿರಿ ಇಲ್ಲದಿಲ್ಲ. ಎಲ್80 ಲೈಬ್ರರಿಯನ್ನು ಮೇಲಿಂದ ಕೆಳಕ್ಕೆ ಒಂದೇ ಸಲ ನೋಡುತ್ತಿತ್ತು. ಕೆಳಗಿನ ತುಂಡು ಮೇಲಿನದನ್ನು ಕರೆದರೆ ಲಿಂಕರ್ ಆಗಲೇ ಅದನ್ನು ದಾಟಿ ಬಂದಿರುತ್ತಿತ್ತು. ಹಾಗಾಗಿ ಕರೆಯುವವರು ಮೇಲೆ, ಕರೆಸಿಕೊಳ್ಳುವವರು ಕೆಳಗೆ ಬರುವಂತೆ ಜೋಡಿಸಬೇಕು. ಅದಾಗದಿದ್ದರೆ ಅದೇ ಲೈಬ್ರರಿಯ ಹೆಸರನ್ನು ಎರಡು ಸಲ ಹೇಳಬೇಕು.

ಹೆಸರಿನ ಉದ್ದದ ಕಥೆಯನ್ನೂ ಇಲ್ಲೇ ಹೇಳಿಬಿಡಬೇಕು. ಮೈಕ್ರೋಸಾಫ್ಟಿನ ಆಬ್ಜೆಕ್ಟ್ ಫೈಲುಗಳಲ್ಲಿ, ಅಂದರೆ ಕಂಪೈಲ್ ಆಗಿ ಲಿಂಕರ್‌ಗೆ ಕಾಯುವ ತುಂಡುಗಳಲ್ಲಿ, ಫಂಕ್ಷನ್ ಹೆಸರಿನ ಉದ್ದ ಹೇಳಲು ಇದ್ದದ್ದು ಮೂರೇ ಬಿಟ್. ಅಂದರೆ 7 ಅಕ್ಷರದ ಮೇಲೆ ಹೇಳಲು ಆಗುವುದೇ ಇಲ್ಲ. ಅವರ ಅಸೆಂಬ್ಲರ್ ಆರಕ್ಕೇ ಕತ್ತರಿಸುತ್ತಿತ್ತು. ಮೊದಲ ಆರಕ್ಷರ ಒಂದೇ ಆದ ಎರಡು ಫಂಕ್ಷನ್ ಇದ್ದರೆ ಲಿಂಕರ್ ಕಣ್ಣಿಗೆ ಎರಡೂ ಒಂದೇ. 1989ರ ಸಿ ಭಾಷೆಯ ಮಾನಕವೂ ಬೇರೆ ಫೈಲಿಗೆ ಕಾಣುವ ಹೆಸರುಗಳಲ್ಲಿ ಆರಕ್ಷರದ ಭರವಸೆಯನ್ನಷ್ಟೇ ಕೊಟ್ಟಿತು. ಹಳೇ ಲಿಂಕರುಗಳ ಮುಲಾಜು.

ಸಾಲಿನ ಉದ್ದ ದಾಟಿದರೂ ಮೆಮೊರಿಯ ಗೋಡೆ ಇದ್ದೇ ಇತ್ತು. ಎಲ್80 ಇಡೀ ಪ್ರೋಗ್ರಾಮನ್ನು ಮೆಮೊರಿಯಲ್ಲೇ ಕಟ್ಟುತ್ತಿತ್ತು. 64 ಕೆಬಿಯಲ್ಲಿ ಸಿಸ್ಟಂಗೆ ಒಂದು ಪಾಲು, ಲಿಂಕರ್‌ಗೆ ಒಂದು ಪಾಲು, ಉಳಿದದ್ದು ನಮ್ಮದು. ಓಡಲು ಜಾಗ ಇರುವ ಪ್ರೋಗ್ರಾಮಿಗೂ ಎಷ್ಟೋ ಸಲ ಲಿಂಕ್ ಆಗಲು ಜಾಗ ಇರುತ್ತಿರಲಿಲ್ಲ. ಮನೆ ಕಟ್ಟುವವರು ತಮ್ಮ ಶೆಡ್ಡನ್ನು ಸೈಟಿನ ಮಧ್ಯದಲ್ಲೇ ಹಾಕಿಕೊಂಡ ಹಾಗೆ. ಕಿಲ್ಡಾಲರ ಡಿಜಿಟಲ್ ರಿಸರ್ಚ್ ಕಂಪನಿಯ ಲಿಂಕರ್ ಮಧ್ಯದ ಲೆಕ್ಕಗಳನ್ನು ಡಿಸ್ಕಿನಲ್ಲಿ ತಾತ್ಕಾಲಿಕ ಫೈಲು ಮಾಡಿ ಇಟ್ಟುಕೊಳ್ಳುತ್ತಿತ್ತು. ಓವರ್‌ಲೇ ಕೂಡ ಕಟ್ಟಿಕೊಡುತ್ತಿತ್ತು. ಅಂದರೆ ಬೇರಿನ ಭಾಗ ಸದಾ ಮೆಮೊರಿಯಲ್ಲಿ, ಮಿಕ್ಕ ಭಾಗಗಳು ಡಿಸ್ಕಿನಲ್ಲಿ. ಬೇಕಾದಾಗ ಒಂದನ್ನು ತಂದು, ಇನ್ನೊಂದು ಬೇಕಾದರೆ ಅದೇ ಜಾಗಕ್ಕೆ ಅದನ್ನು ತರುವುದು. ಕಚೇರಿಗಳಲ್ಲಿ ಪತ್ರ, ವರದಿ ಟೈಪಿಸಲು ವರ್ಡ್‌ಸ್ಟಾರ್ ಬಳಸಿದ ಹಿರಿಯರಿಗೆ ಅದರ ಡಿಸ್ಕಿನಲ್ಲಿದ್ದ ಓವರ್‌ಲೇ ಫೈಲುಗಳು ನೆನಪಿರಬಹುದು.

ಒಂದು ವಿಷಯದಲ್ಲಿ ಮಾತ್ರ ಸಿಪಿ/ಎಂ ಧಾರಾಳಿ. ತೆರೆದ ಫೈಲಿನ ಲೆಕ್ಕಪತ್ರ ಪ್ರೋಗ್ರಾಮಿನ ಸ್ವಂತ ಜಾಗದಲ್ಲೇ ಇರುತ್ತಿತ್ತು, ಒಂದಕ್ಕೆ 36 ಬೈಟ್. ಎಷ್ಟು ಜಾಗ ಇದೆಯೋ ಅಷ್ಟು ಫೈಲ್ ತೆರೆದುಕೊಳ್ಳಬಹುದು. ಕಾಮಡೋರ್ 64 ಎಂಬ ಮನೆ ಕಂಪ್ಯೂಟರಿನಲ್ಲಿ ಹಾಗಿರಲಿಲ್ಲ. ಒಟ್ಟಿಗೆ 10 ಫೈಲ್ ಮಾತ್ರ ತೆರೆದಿರಬಹುದು. ಅದರ 1541 ಎಂಬ ಫ್ಲಾಪಿ ಡ್ರೈವಿನ ಒಳಗಿದ್ದದ್ದು 2 ಕೆಬಿ ಮೆಮೊರಿ, ಹಾಗಾಗಿ ಅದು ಒಮ್ಮೆಗೆ ಸಾಮಾನ್ಯ ಫೈಲುಗಳನ್ನು ನಿಭಾಯಿಸುತ್ತಿದ್ದದ್ದು ಮೂರೇ. ಅಂಥ ಕಡೆ ತುಂಡನ್ನು ತೆರೆ, ಓದು, ಮುಚ್ಚು, ಆಮೇಲೆ ಮುಂದಿನದು. ಬೇರೆ ದಾರಿ ಇಲ್ಲ.

ಮುಂದೆ ಈ 128 ಪಿಸಿಗೂ ದಾಟಿತು. 1980ರಲ್ಲಿ ಟಿಮ್ ಪ್ಯಾಟರ್ಸನ್ ಸಿಯಾಟಲ್ ಕಂಪ್ಯೂಟರ್ ಪ್ರಾಡಕ್ಟ್ಸ್‌ಗಾಗಿ 86-ಡಾಸ್ ಬರೆದರು. ಸಿಪಿ/ಎಂ ಪ್ರೋಗ್ರಾಮುಗಳನ್ನು ಸುಲಭವಾಗಿ ಹೊಸ ಚಿಪ್ಪಿಗೆ ತರಲಿ ಅಂತ ಪ್ರೋಗ್ರಾಮ್ ಶುರುವಾಗುವ 0100ಕ್ಕೂ ಮೊದಲಿನ ಆ 256 ಬೈಟಿನ ವಿನ್ಯಾಸವನ್ನು ಹಾಗೇ ಇಟ್ಟುಕೊಂಡರು. ಕಮಾಂಡಿನ ಬಾಲ ಅಲ್ಲೂ ಹೆಕ್ಸ್ 80ರಲ್ಲೇ, ಅದೇ 128 ಬೈಟಿನಲ್ಲಿ. 1981ರಲ್ಲಿ ಮೈಕ್ರೋಸಾಫ್ಟ್ ಅದನ್ನು ಕೊಂಡು ಎಂಎಸ್-ಡಾಸ್ ಮಾಡಿತು. ಮೆಮೊರಿ 640 ಕೆಬಿಗೆ ಏರಿದರೂ ಸಾಲು ಮಾತ್ರ ಎಂಟು ಇಂಚಿನ ಫ್ಲಾಪಿಯ ಸೆಕ್ಟರಿನಷ್ಟೇ ಉಳಿಯಿತು. ಅಷ್ಟು ಹೊತ್ತಿಗೆ ಆ ಫ್ಲಾಪಿ ಮೂಲೆ ಸೇರಿತ್ತು.

ಡಾಸ್ ಕಾಲದಲ್ಲಿ ಚೀಟಿ ಊರ್ಜಿತವಾಯಿತು. ಮೈಕ್ರೋಸಾಫ್ಟಿನ ಲಿಂಕ್, ಬೋರ್ಲೆಂಡ್ ಕಂಪನಿಯ ಟಿಲಿಂಕ್, ಈ ಎರಡು ಲಿಂಕರುಗಳೂ @ ಹಾಕಿ ಕೊಟ್ಟ ಫೈಲಿನಿಂದ ಹೆಸರುಗಳನ್ನು ಓದಿಕೊಳ್ಳುತ್ತಿದ್ದವು. ರೆಸ್ಪಾನ್ಸ್ ಫೈಲ್ ಅನ್ನುವ ಹೆಸರು ನಿಂತಿತು. ಲಿಂಕರ್ ಕೇಳುವ ಪ್ರಶ್ನೆಗಳಿಗೆ ಮೊದಲೇ ಬರೆದಿಟ್ಟ ಉತ್ತರ ಅಂತ.

ನಮ್ಮ ಕಡೆ ಎಂಜಿನಿಯರಿಂಗ್ ಓದಿದವರಿಗೆ ಬೋರ್ಲೆಂಡಿನದೇ ಸಿ ಕಂಪೈಲರಾದ ಟರ್ಬೊ ಸಿಯ ನೀಲಿ ಪರದೆ ಗೊತ್ತು. ಕಂಟ್ರೋಲ್ ಎಫ್9 ಒತ್ತಿದರೆ ಪ್ರೋಗ್ರಾಮ್ ಓಡುತ್ತಿತ್ತು. ಲ್ಯಾಬ್ ಪ್ರೋಗ್ರಾಮುಗಳೆಲ್ಲ ಒಂದೇ ಫೈಲಿನವು. ಲಿಂಕರ್ ಅಂತ ಒಬ್ಬ ಹಿಂದೆ ಕೂತಿದ್ದಾನೆ ಅನ್ನುವುದೇ ನಮಗೆ ಗೊತ್ತಾಗುತ್ತಿರಲಿಲ್ಲ. ಒಂದಕ್ಕಿಂತ ಜಾಸ್ತಿ ಫೈಲ್ ಇದ್ದರೆ ಟರ್ಬೊ ಸಿ 2.0ರಲ್ಲಿ ಪ್ರಾಜೆಕ್ಟ್ ಫೈಲ್ ಮಾಡಬೇಕಿತ್ತು. ಅದರೊಳಗೆ ಇರುತ್ತಿದ್ದದ್ದು ಸುಮ್ನೆ ಫೈಲುಗಳ ಹೆಸರಿನ ಪಟ್ಟಿ. ಇದೂ ಚೀಟಿಯೇ.

ಈಗ ಹಳೇ ಯಂತ್ರಕ್ಕೆ ಬರೆಯುವವರು ಲಿಂಕ್ ಮಾಡುವುದು ಹೊಸ ಪಿಸಿಯಲ್ಲಿ. ಡೈರೆಕ್ಟರಿ, ಮೆಮೊರಿ ಎರಡರ ಚಿಂತೆಯೂ ಇಲ್ಲ. ಸಾಲಿನ ಮಿತಿ ಮಾತ್ರ ಇನ್ನೂ ಹೋಗಿಲ್ಲ, ದೊಡ್ಡದಾಗಿದೆ ಅಷ್ಟೇ. ವಿಂಡೋಸಿನ ಕಮಾಂಡ್ ಕಿಟಕಿಯಲ್ಲಿ 8191 ಅಕ್ಷರ. ತುಂಬಾ ಆಯಿತು ಅನ್ನಿಸುತ್ತದೆ. ಆದರೆ ಈಗಿನ ಫೈಲ್ ಹೆಸರುಗಳು ಎಂಟಕ್ಷರದವಲ್ಲ. ಫೋಲ್ಡರಿನ ಒಳಗೆ ಫೋಲ್ಡರ್ ಸೇರಿ ಒಂದೊಂದು ಹೆಸರೂ 80 ಅಕ್ಷರ ಆದರೆ ನೂರು ಫೈಲಿಗೆ ಸಾಲು ಮುಗಿಯುತ್ತದೆ. ಜಿಸಿಸಿಯಂಥ ಈ ಕಾಲದ ಕಂಪೈಲರ್ ಕೂಡ @ ಚೀಟಿ ತೆಗೆದುಕೊಳ್ಳುವುದು ಇದಕ್ಕೇ.

ಸಣ್ಣ ಚಿಪ್ಪುಗಳಿಗೆ ಬಳಸುವ ಎಸ್‌ಡಿಸಿಸಿ ಕಂಪೈಲರ್ ಅಂತೂ ನಮ್ಮನ್ನು ಕೇಳುವುದೇ ಇಲ್ಲ. ತಾನೇ ಚೀಟಿ ಬರೆದು ಲಿಂಕರ್ ಕೈಗೆ ಕೊಡುತ್ತದೆ. ಕೆಲಸ ಮುಗಿದ ಮೇಲೆ ಫೋಲ್ಡರ್ ತೆಗೆದು ನೋಡಿದರೆ ಎಲ್‌ಕೆ ಎಂಬ ಬಾಲದ ಪುಟ್ಟ ಫೈಲೊಂದು ಬಿದ್ದಿರುತ್ತದೆ. ತೆರೆದರೆ ಕೋಡ್ ಯಾವ ವಿಳಾಸದಿಂದ ಶುರುವಾಗಬೇಕು, ಯಾವ ಲೈಬ್ರರಿ ಹುಡುಕಬೇಕು ಅಂತ ಕೆಲವು ಸಾಲು. ಅದರ ಕೆಳಗೆ ತುಂಡುಗಳ ಹೆಸರು, ಸಾಲಿಗೊಂದು.